ನಾಲಗೆಯ ಕಾವಲು

ಷಡ್ರಸಗಳೊಳಗೆ ಕಹಿಯಷ್ಟು ಬೈಗಳು ತಿಂದ ರಸವು ಮತ್ತೊಂದಿಲ್ಲ. ಸಿಹಿಯನ್ನು ಹಂಚಿಕೊಂಡು ಸಂತೋಷಪಡುತ್ತೇವೆ. ಉಪ್ಪಿನ ಋಣವನ್ನು ನೆನೆಯುತ್ತೇವೆ. ಹುಳಿ ಖಾರಗಳಿಲ್ಲದ ಸಾರನ್ನು ಸಾರೆಂದೇ ಒಪ್ಪುವುದಿಲ್ಲ. ಒಗರಿಗೆ ಕೂಡ ತಾಂಬೂಲದ ತಟ್ಟೆಯಲ್ಲಿ ಒಂದು ಮರ್ಯಾದೆಯ ಸ್ಥಾನವುಂಟು. ಕಹಿಯ ಪಾಲಿಗಾದರೋ ದೊರೆತಿರುವುದು ಕಹಿಮಾತು, ಕಹಿನೆನಪು ಎಂಬ ಅಪಕೀರ್ತಿಯೇ. ವರ್ಷಕ್ಕೊಂದಾವೃತ್ತಿ ಯುಗಾದಿಯ ಬೆಳಗ್ಗೆ ಬೇವಿನ ಹೂವನ್ನು ಬೆಲ್ಲದ ಆಸರೆಯಲ್ಲಿ ನುಂಗಿ, ಅದಕ್ಕೆ ಸಲ್ಲಬೇಕಾದುದು ಸಂದಿತೆಂದು ಕೈತೊಳೆದುಕೊಳ್ಳುತ್ತೇವೆ. ಆದರೆ ಇದೇ ಕಹಿಯು ಔಷಧವೆಂಬ ಹೆಸರಿನಿಂದ ಬಂದಾಗ ನಮ್ಮ ಜನರಿಗೆ ಅದರಲ್ಲಿ ಹುಟ್ಟುವ ಭಕ್ತಿಯು ಹೇಳತೀರದು. ಕಹಿಯಾದಷ್ಟೂ ಗುಣ ಹೆಚ್ಚೆಂದು ನಂಬಿ ಕಣ್ಣುಮುಚ್ಚಿ ಕುಡಿಯುವವರು ಮನೆಗೊಬ್ಬರಾದರೂ ಇದ್ದಾರೆ. ಈ ಅನಾದರ, ಈ ಅತಿಭಕ್ತಿ, ಎರಡೂ ತರವಲ್ಲವೆಂದು ನಮಗೆ ತೋರುತ್ತದೆ. ಅತಿಭಕ್ತಿಯ ಫಲವಾಗಿ ನಮ್ಮ ಬೀಗರೊಬ್ಬರಿಗೆ ಎರಡು ವರ್ಷಗಳ ಕೆಳಗೆ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಆ ಸಂಗತಿಯನ್ನು ಮುಂದೆ ನಿವೇದಿಸುತ್ತೇವೆ. ಅದಕ್ಕೆ ಮೊದಲು ಕಹಿಯೆಂಬುದು ಏನು, ನಾಲಗೆಯು ಅದನ್ನು ಹೇಗೆ ಅರಿಯುತ್ತದೆ ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಬಹುಕಾಲ ಸಂಸ್ಕೃತ ಪಾಠ ಹೇಳಿ ಜೀವನ ಮಾಡಿದವರಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸೊಪ್ಪದು, ವಾಚಕರು ಮನ್ನಿಸಬೇಕು. ಸಂಸ್ಕೃತದಲ್ಲಿ ಕಹಿಗೆ ತಿಕ್ತವೆಂದು ಹೆಸರು; ಕಟುವೆಂದರೆ ಮೆಣಸು ಶುಂಠಿಗಳ ಖಾರ. ಆದರೆ ನೆರೆಯ ಮರಾಠಿಯಲ್ಲಿ ಕಟುಶಬ್ದದಿಂದ ಬಂದ ‘ಕಡೂ’ ಎಂಬ ಮಾತಿಗೆ ಕಹಿಯೆಂದೇ ಅರ್ಥ. ಹಿಂದಿಯ ‘ಕಡ್ವಾ’ ಎಂಬುದೂ ಹಾಗೆಯೇ. ಇದರ ದೆಸೆಯಿಂದ ತ್ರಿಕಟು ಚೂರ್ಣವೆಂದರೆ ಮೂರು ಬಗೆಯ ಕಹಿಯೆಂದು ಬರೆದ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಅದರಲ್ಲಿರುವುದು ಶುಂಠಿ, ಮೆಣಸು, ಹಿಪ್ಪಲಿ. ಕನ್ನಡವು ಈ ಗೊಂದಲಕ್ಕೆ ಸಿಕ್ಕದೆ ಕಹಿ, ಖಾರ ಎಂದು ಬೇರೆ ಬೇರೆ ಮಾತುಗಳನ್ನಿಟ್ಟುಕೊಂಡು ಸುಖವಾಗಿದೆ. ಶರೀರಶಾಸ್ತ್ರವೂ ಇವೆರಡನ್ನು ಬೇರೆಯಾಗಿಯೇ ಎಣಿಸುತ್ತದೆ. ಖಾರವನ್ನು ತಿಳಿಸುವುದು ರುಚಿಯ ಕೋಶಗಳಲ್ಲ, ಬಿಸಿಯನ್ನೂ ಉರಿಯನ್ನೂ ತಿಳಿಸುವ ನರಗಳು. ಬಾಯಿ ಉರಿಯಿತೆಂದು ನಾವು ಹೇಳುವ ಮಾತು ಅಕ್ಷರಶಃ ನಿಜ. ಮೆಣಸಿನಕಾಯಿಯ ಉರಿಯನ್ನು ಹಿಡಿಯುವ ಗ್ರಾಹಕವನ್ನು 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಎಂಬವರು ಗುರುತಿಸಿದರು. ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂದಿತು. ಈಗಿನ ಪಂಡಿತರು ಒಪ್ಪುವ ರಸಗಳು ಐದು. ಸಿಹಿ, ಹುಳಿ, ಉಪ್ಪು, ಕಹಿ, ಇವುಗಳ ಜೊತೆಗೆ 1908ರಲ್ಲಿ ಜಪಾನಿನ ಇಕೆಡಾ ಎಂಬ ರಸಾಯನಶಾಸ್ತ್ರಜ್ಞರು ಉಮಾಮಿಯೆಂದು ಹೆಸರಿಟ್ಟ ರುಚಿಯೊಂದು. ನಮ್ಮವರ ಪಟ್ಟಿಯಲ್ಲಿಯೂ ಅವರ ಪಟ್ಟಿಯಲ್ಲಿಯೂ ಕಹಿಗೆ ಸ್ಥಾನ ತಪ್ಪಿಲ್ಲ.

ನಾಲಗೆಯ ಮೇಲಿನ ಸಣ್ಣ ಸಣ್ಣ ಉಬ್ಬುಗಳನ್ನು ಕನ್ನಡಿಯಲ್ಲಿ ಎಲ್ಲರೂ ನೋಡಿರಬಹುದು. ಅವುಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರುಚಿಮೊಗ್ಗುಗಳು ಅಡಗಿವೆ. ಒಂದೊಂದು ಮೊಗ್ಗಿನಲ್ಲಿ 50ರಿಂದ 100ರವರೆಗೆ ಜೀವಕೋಶಗಳು ಬೆಳ್ಳುಳ್ಳಿಯ ಗಡ್ಡೆಯೊಳಗಿನ ಎಸಳುಗಳಂತೆ ಒತ್ತಾಗಿ ನಿಂತಿವೆ. ಮೇಲ್ಗಡೆ ಒಂದು ರಂಧ್ರ. ಜೊಲ್ಲಿನಲ್ಲಿ ಕರಗಿದ ಪದಾರ್ಥವು ಆ ರಂಧ್ರದ ಮೂಲಕ ಇಳಿದು ಕೋಶಗಳ ತುದಿಯನ್ನು ಮುಟ್ಟಬೇಕು. ಕರಗದಿದ್ದರೆ ರುಚಿಯಿಲ್ಲ. ನೈಯಾಯಿಕರು ರಸನೇಂದ್ರಿಯವನ್ನು ಜಲೀಯವೆಂದು ಏಕೆ ಹೇಳಿದರೆಂಬುದು ಒಣಗಿದ ನಾಲಗೆಯ ಮೇಲೆ ಸಕ್ಕರೆಯನ್ನಿಟ್ಟು ನೋಡಿದವರಿಗೆ ಹೊಳೆಯದಿರದು. ಈ ಕೋಶಗಳ ಆಯುಸ್ಸೂ ಅಲ್ಪವೇ. ಬಹಳಷ್ಟು ಕೋಶಗಳು ಕೆಲವು ವಾರಗಳೊಳಗೆ ಅಳಿದು ಅವುಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಬಿಸಿ ಕಾಫಿಯಿಂದ ಸುಟ್ಟುಕೊಂಡ ನಾಲಗೆಗೆ ರುಚಿ ಮರಳಿ ಬರುವುದು ಇದರಿಂದ.

ಇಲ್ಲಿ ಇನ್ನೊಂದು ಮಾತು. ತುದಿಯಲ್ಲಿ ಸಿಹಿ, ಬದಿಗಳಲ್ಲಿ ಹುಳಿ, ಬುಡದಲ್ಲಿ ಕಹಿ ಎಂದು ನಾಲಗೆಯನ್ನು ತಾಲ್ಲೂಕುಗಳಂತೆ ಭಾಗಮಾಡಿ ತೋರಿಸುವ ಚಿತ್ರವೊಂದು ಪಾಠಪುಸ್ತಕಗಳಲ್ಲಿ ಬಹುಕಾಲ ಅಚ್ಚಾಗುತ್ತಿತ್ತು. 1901ರಲ್ಲಿ ಹೇನಿಗ್ ಎಂಬ ಜರ್ಮನ್ ವಿದ್ವಾಂಸರು ನಾಲಗೆಯ ಅಂಚಿನ ಬೇರೆ ಬೇರೆ ಕಡೆಗಳಲ್ಲಿ ರುಚಿ ತಿಳಿಯುವುದರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವನ್ನು ಕಂಡು ಬರೆದಿದ್ದರು. ಆ ಅಲ್ಪವನ್ನು ಅನಂತರದವರು ದೊಡ್ಡದುಮಾಡಿ ಗಡಿಗೆರೆಗಳನ್ನೇ ಎಳೆದುಬಿಟ್ಟರು. ಮೊಗ್ಗುಗಳಿರುವ ಕಡೆಗಳಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಹಾಗಲಕಾಯಿಯ ಹೋಳನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿದ ಯಾವ ಬಾಲಕನೂ ಆ ಚಿತ್ರವನ್ನು ನಂಬತಕ್ಕದ್ದಿರಲಿಲ್ಲ.

ಇನ್ನು ಕಹಿಯ ಕೋಶದ ವ್ಯಾಪಾರ. ಕೋಶದ ಹೊರಪೊರೆಯಲ್ಲಿ ಗ್ರಾಹಕವೆಂಬ ಪ್ರೋಟೀನೊಂದು, ಬಟ್ಟೆಯಲ್ಲಿ ದಾರವು ಹೊಕ್ಕು ಹೊರಡುವಂತೆ, ಏಳು ಸಲ ಪೊರೆಯನ್ನು ಹಾದು ನಿಂತಿದೆ. ಕಹಿಪದಾರ್ಥದ ಅಣುವು ಬಂದು ಇದರ ಮಡಿಕೆಯೊಳಗೆ ಕುಳಿತ ಕೂಡಲೆ ಗ್ರಾಹಕದ ಒಳತುದಿಯು ಕದಲುತ್ತದೆ. ಅಲ್ಲಿ ಗಸ್ಟ್‌ಡ್ಯೂಸಿನ್ ಎಂಬ ಇನ್ನೊಂದು ಪ್ರೋಟೀನ್ ಕಾದಿರುತ್ತದೆ. ಅದು ಬೇರ್ಪಟ್ಟು ಸುದ್ದಿಯನ್ನು ಮುಂದಕ್ಕೆ ಒಯ್ಯುತ್ತದೆ. ಕೋಶದೊಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಚೆಲ್ಲುತ್ತದೆ, ಅದರಿಂದ ಪೊರೆಯ ಬಾಗಿಲೊಂದು ತೆರೆದು ವಿದ್ಯುತ್ತು ಬದಲಾಗುತ್ತದೆ, ಕಡೆಗೆ ಎ.ಟಿ.ಪಿ. ಎಂಬ ವಸ್ತುವು ಹೊರಬಿದ್ದು ಪಕ್ಕದ ನರವನ್ನು ಎಚ್ಚರಿಸುತ್ತದೆ. ಜೀವಕೋಶಗಳು ತಮ್ಮ ಎಲ್ಲ ಕೆಲಸಗಳಿಗೂ ನಾಣ್ಯದಂತೆ ಬಳಸುವ ವಸ್ತುವೇ ಈ ಎ.ಟಿ.ಪಿ.; ಇಲ್ಲಿ ಅದೇ ನಾಣ್ಯವು ಓಲೆಯೂ ಆಗಿದೆ. ಇಷ್ಟೂ ನಡೆಯುವುದು ನಾವು ಮುಖ ಸಿಂಡರಿಸುವುದಕ್ಕೆ ಹಿಡಿಯುವ ಕಾಲದೊಳಗೆ. ಗಸ್ಟ್‌ಡ್ಯೂಸಿನ್ನನ್ನು ರಾಬರ್ಟ್ ಮಾರ್ಗೋಲ್ಸ್ಕಿ ಮತ್ತು ಸಂಗಡಿಗರು 1992ರಲ್ಲಿ ಕಂಡುಹಿಡಿದರು. ಕಹಿಯ ಗ್ರಾಹಕಗಳನ್ನೇ ಚಾರ್ಲ್ಸ್ ಜುಕರ್, ನಿಕೊಲಾಸ್ ರಿಬಾ ಮತ್ತು ಅವರ ಜೊತೆಯವರು 2000ನೆಯ ಇಸವಿಯಲ್ಲಿ ಪ್ರಕಟಪಡಿಸಿದರು. ಲಿಂಡಾ ಬಕ್ ಅವರ ತಂಡವೂ ಅದೇ ವರ್ಷ ಸ್ವತಂತ್ರವಾಗಿ ಅದೇ ಜಾಗಕ್ಕೆ ಬಂದು ಸೇರಿತ್ತು.

ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 25 ಬಗೆ. ಇಲಿಯಲ್ಲಿ ಸುಮಾರು 35. ಸಿಹಿಯನ್ನು ಹಿಡಿಯುವುದಕ್ಕೆ ಎರಡು ಪ್ರೋಟೀನುಗಳ ಒಂದು ಜೋಡಿ ಸಾಕಾಗಿರುವಲ್ಲಿ ಕಹಿಗೆ ಇಷ್ಟೊಂದು ಏಕೆ? ಯೋಚಿಸಿದರೆ ಅರ್ಥವಾಗುತ್ತದೆ. ಸಿಹಿಯು ಸ್ನೇಹಿತ, ಸ್ನೇಹಿತರ ಮುಖ ಪರಿಚಿತ. ವಿಷಗಳ ಆಕಾರಕ್ಕಾದರೋ ಲೆಕ್ಕವಿಲ್ಲ. ಓಡಿಹೋಗಲು ಕಾಲಿಲ್ಲದ ಗಿಡಮರಗಳು ತಮ್ಮನ್ನು ಮೇಯಲು ಬರುವ ಪ್ರಾಣಿಗಳಿಗಾಗಿ ಸಾವಿರಾರು ಬಗೆಯ ವಿಷಗಳನ್ನು ಎಲೆ ಬೀಜ ತೊಗಟೆಗಳಲ್ಲಿ ತುಂಬಿಟ್ಟಿವೆ. ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜವನ್ನು ಬಲ್ಲವರು ಬಲ್ಲರು. ಸಂಸ್ಕೃತದಲ್ಲಿ ಅದಕ್ಕೆ ವಿಷಮುಷ್ಟಿಯೆಂಬ ಹೆಸರೇ ಉಂಟು. ಅದರೊಳಗಿನ ಸ್ಟ್ರಿಕ್ನೀನ್ ಎಂಬ ಘೋರವಿಷವನ್ನು ಹಿಡಿಯಬಲ್ಲ ಗ್ರಾಹಕಗಳು ನಮ್ಮ ನಾಲಗೆಯಲ್ಲಿವೆ. ಒಂದೊಂದು ವಿಷಕ್ಕೆ ಒಂದೊಂದು ಗ್ರಾಹಕವೆಂದಲ್ಲ. ಕೆಲವು ಗ್ರಾಹಕಗಳು ನೂರಾರು ಪದಾರ್ಥಗಳನ್ನು ಹಿಡಿಯುತ್ತವೆ, ಕೆಲವು ಬೆರಳೆಣಿಕೆಯಷ್ಟನ್ನು ಮಾತ್ರ.

ಪ್ರಾಣಿಗಳ ಆಹಾರವು ಬೇರೆಯಾದಂತೆ ಈ ಕಾವಲಿನ ಬಲವೂ ಬೇರೆಯಾಗಿದೆ. ಮಾಂಸಾಹಾರಿಯಾದ ಬೆಕ್ಕಿಗೆ ಸಿಹಿಯ ಗ್ರಾಹಕವು ಕೆಟ್ಟುಹೋಗಿದೆ. ಪಾಯಸದ ಪಾತ್ರೆಗೆ ಬಾಯಿಹಾಕುವುದು ಹಾಲಿನಾಸೆಗೇ ಹೊರತು ಸಕ್ಕರೆಗಲ್ಲ. ಆದರೂ ಕಹಿಯ ಗ್ರಾಹಕಗಳು ಅದಕ್ಕೆ ಹತ್ತಕ್ಕೂ ಮಿಕ್ಕಿ ಉಳಿದಿವೆ. ಸಸ್ತನಿಯೇ ಆದ ತಿಮಿಂಗಿಲವು ಆಹಾರವನ್ನು ಅಗಿಯದೆ ಇಡಿಯಾಗಿ ನುಂಗುವುದರಿಂದಲೋ ಏನೋ, ಕಹಿಯ ಗ್ರಾಹಕಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕಳೆದುಕೊಂಡಿದೆ. ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವ ಪದ್ಧತಿಯೇ ಇಲ್ಲದ ಮನೆಗೆ ಕಾವಲುಗಾರನೇಕೆ?

ಈ ಕಾವಲುಗಾರನ ಸ್ವಭಾವದಲ್ಲಿ ಒಂದು ವಿಶೇಷವುಂಟು. ಕಹಿಯ ಕೋಶ ಒಂದೊಂದರಲ್ಲಿಯೂ ಈ ಇಪ್ಪತ್ತೈದರಲ್ಲಿ ಹಲವು ಬಗೆಯ ಗ್ರಾಹಕಗಳು ಒಟ್ಟಿಗೆ ಇರುತ್ತವೆ. ಯಾವುದನ್ನು ಮುಟ್ಟಿದರೂ ಮೊಳಗುವ ಗಂಟೆ ಒಂದೇ. ಆದ್ದರಿಂದ ಬೇವು, ಮೆಂತ್ಯ, ಕಾಫಿ, ಕ್ವಿನೀನು ಎಲ್ಲಕ್ಕೂ ನಾವು ಹೇಳುವ ಮಾತು ಕಹಿಯೆಂಬುದೊಂದೇ. ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಡುವುದು ಬಹುಮಟ್ಟಿಗೆ ಮೂಗು. ಕಾವಲುಗಾರನು ‘ಯಾರೋ ಬಂದರು’ ಎಂದು ಕೂಗುತ್ತಾನೆ. ಬಂದವರು ಕಳ್ಳರೋ ನೆಂಟರೋ ಅವನಿಗೆ ತಿಳಿಯದು.

2005ರಲ್ಲಿ ಜುಕರ್ ಅವರ ತಂಡವು ಮಾಡಿದ ಪರೀಕ್ಷೆಯೊಂದನ್ನು ಓದಿ ನಾವು ಒಂದು ರಾತ್ರಿ ನಿದ್ದೆಗೆಟ್ಟೆವು. ಇಲಿಗಳಿಗೆ ಸಹಜವಾಗಿ ಕಹಿಯೆನಿಸದ ಪದಾರ್ಥವೊಂದನ್ನು ಅವರು ಆರಿಸಿಕೊಂಡರು. ಅದನ್ನು ಹಿಡಿಯುವ ಮನುಷ್ಯನ ಕಹಿಗ್ರಾಹಕವನ್ನು ಇಲಿಯ ಕಹಿಯ ಕೋಶಗಳಲ್ಲಿ ಹುಟ್ಟುವಂತೆ ಮಾಡಿದಾಗ ಇಲಿಗಳು ಆ ನೀರನ್ನು ತೊರೆದವು. ಅದೇ ಗ್ರಾಹಕವನ್ನು ಬೇರೆ ಇಲಿಗಳ ಸಿಹಿಯ ಕೋಶಗಳಲ್ಲಿ ಇರಿಸಿದಾಗ ಅವು ಅದೇ ನೀರನ್ನು ಆಸೆಪಟ್ಟು ಕುಡಿದವು. ಪದಾರ್ಥವೂ ಅದೇ, ಗ್ರಾಹಕವೂ ಅದೇ. ಅದು ನಿಂತ ಮನೆ ಮಾತ್ರ ಬೇರೆ. ರಸವು ನಾಲಗೆಯಿಂದ ಗ್ರಹಿಸತಕ್ಕ ಗುಣ, ಅದು ದ್ರವ್ಯದಲ್ಲಿರುತ್ತದೆ, ಪೃಥಿವಿಯಲ್ಲಿ ಆರು ಬಗೆ, ಜಲದಲ್ಲಿ ಮಧುರವೊಂದೇ ಎಂದು ಅನ್ನಂಭಟ್ಟರ ತರ್ಕಸಂಗ್ರಹವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಇದು ಸಣ್ಣ ಆಘಾತವಲ್ಲ. ಪಿತ್ತದೋಷವುಳ್ಳವನಿಗೆ ಬೆಲ್ಲವು ಕಹಿಯಾಗಿ ತೋರುವುದೆಂಬುದನ್ನು ನಮ್ಮ ಶಾಸ್ತ್ರಕಾರರು ಭ್ರಮೆಗೆ ಉದಾಹರಣೆಯಾಗಿ ಕೊಡುತ್ತಾರೆ. ಆ ಇಲಿಗಳದು ಭ್ರಮೆಯೋ, ಪ್ರಮೆಯೋ? ದ್ರವ್ಯದಲ್ಲಿರುವುದು ಒಂದು ಆಕಾರ ಮಾತ್ರ, ಕಹಿಯೆಂಬುದು ಅದನ್ನು ಬರಮಾಡಿಕೊಂಡ ಶರೀರದ ಮಾತು ಎಂದು ಹೇಳದೆ ಗತ್ಯಂತರವಿಲ್ಲ. ತರ್ಕಪಂಡಿತರು ಇದಕ್ಕೆ ಸಮಾಧಾನ ಹೇಳಬಲ್ಲರಾದರೆ ಕೇಳಲು ನಾವು ಸಿದ್ಧರಾಗಿದ್ದೇವೆ.

ಶರೀರದಿಂದ ಶರೀರಕ್ಕೆ ಈ ಮಾತು ಬೇರೆಯಾಗುವುದೂ ಉಂಟು. 1931ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ನಿನ ಡುಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬವರು ಫೀನೈಲ್ ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಸ್ವಲ್ಪ ಧೂಳು ಹಾರಿತು. ಪಕ್ಕದಲ್ಲಿದ್ದ ಮಿತ್ರರು, ಬಾಯೆಲ್ಲ ಕಹಿಯಾಯಿತೆಂದರು. ಇನ್ನೂ ಹತ್ತಿರದಲ್ಲಿದ್ದ ಫಾಕ್ಸರಿಗೆ ಯಾವ ರುಚಿಯೂ ಇಲ್ಲ. ಇಬ್ಬರೂ ಪುಡಿಯ ಹರಳನ್ನು ನಾಲಗೆಗೆ ಹಾಕಿ ನೋಡಿದರು. ಒಬ್ಬರಿಗೆ ಕಡುಗಹಿ, ಇನ್ನೊಬ್ಬರಿಗೆ ಸೀಮೆಸುಣ್ಣ. ಅಲ್ಲಿಂದ ಮುಂದೆ ಲೋಕದ ಜನರೆಲ್ಲರೂ ಈ ವಿಷಯದಲ್ಲಿ ಎರಡು ಪಂಗಡವೆಂದೂ, ಇದು ತಂದೆತಾಯಿಗಳಿಂದ ಬರತಕ್ಕ ಲಕ್ಷಣವೆಂದೂ ತಿಳಿದುಬಂತು. ಇದಕ್ಕೆ ಕಾರಣವಾದ ಜೀನನ್ನು 2003ರಲ್ಲಿ ಗುರುತಿಸಿದರು, ಅದೂ ಕಹಿಗ್ರಾಹಕಗಳಲ್ಲೊಂದರದೇ. ಪ್ರೋಟೀನಿನ ಉದ್ದದ ಸರಪಳಿಯಲ್ಲಿ ಮೂರೇ ಮೂರು ಕೊಂಡಿಗಳು ಬೇರೆಯಾಗಿರುವುದರಿಂದ ಒಬ್ಬರ ಗ್ರಾಹಕವು ಈ ಪದಾರ್ಥಕ್ಕೆ ಎಚ್ಚರ, ಇನ್ನೊಬ್ಬರದು ಕಿವುಡು. ಈ ಪುಡಿಯನ್ನು ನಾವಾರೂ ಅಡುಗೆಗೆ ಹಾಕುವುದಿಲ್ಲ, ನಿಜ. ಆದರೆ ಎಲೆಕೋಸು, ಮೂಲಂಗಿ, ಸಾಸುವೆಗಳ ಜಾತಿಯಲ್ಲಿ ಇದಕ್ಕೆ ಹೋಲುವ ಪದಾರ್ಥಗಳಿವೆ. ಒಂದೇ ಪಲ್ಯವನ್ನು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಇಬ್ಬರಲ್ಲಿ ಒಬ್ಬರು ‘ಕಹಿ’ ಎಂದರೆ ಮತ್ತೊಬ್ಬರು ‘ಸೋಗು’ ಎನ್ನುವ ಹಕ್ಕಿಲ್ಲ.

1939ರಲ್ಲಿ ಎಡಿನ್‌ಬರೋದಲ್ಲಿ ವಂಶಶಾಸ್ತ್ರಜ್ಞರ ಸಮ್ಮೇಳನ ಕೂಡಿದ್ದಾಗ ರೊನಾಲ್ಡ್ ಫಿಷರ್, ಫೋರ್ಡ್, ಜೂಲಿಯನ್ ಹಕ್ಸ್‌ಲೀ ಎಂಬ ಮೂವರು ಘನ ವಿದ್ವಾಂಸರು ಅಲ್ಲಿನ ಮೃಗಾಲಯಕ್ಕೆ ಹೋಗಿ, ಸಕ್ಕರೆಯ ನೀರಿನಲ್ಲಿ ಈ ಪುಡಿಯನ್ನು ಕಲಸಿ ಚಿಂಪಾಂಜಿಗಳಿಗೆ ಕೊಟ್ಟರು. ಕೆಲವು ಉಗುಳಿದವು, ಕೆಲವು ಸುಮ್ಮನೆ ಕುಡಿದವು. ಮನುಷ್ಯನಿಗೂ ಚಿಂಪಾಂಜಿಗೂ ಈ ಭೇದವು ಒಬ್ಬನೇ ಮೂಲಪುರುಷನಿಂದ ಬಂದುದೆಂದು ಬಹುಕಾಲ ಎಣಿಸಲಾಗಿತ್ತು. 2006ರಲ್ಲಿ ಜೀನನ್ನು ತೆಗೆದು ನೋಡಿದಾಗ ಹಾಗಲ್ಲವೆಂದಾಯಿತು. ಚಿಂಪಾಂಜಿಯ ಜೀನಿನಲ್ಲಿ ಕೆಟ್ಟಿದ್ದುದು ಆರಂಭದ ಸಂಕೇತವೇ. ಮನುಷ್ಯನಲ್ಲಿ ಕೆಟ್ಟಿದ್ದುದು ಬೇರೆ ಕಡೆ. ಎರಡು ಭಾಷೆಗಳಲ್ಲಿ ಒಂದೇ ಅಕ್ಷರವು ಬೇರೆ ಬೇರೆ ಸೂತ್ರಗಳಿಂದ ಲೋಪವಾದಂತೆ.

ಕಹಿಯ ಗ್ರಾಹಕಗಳು ನಾಲಗೆಯಲ್ಲಿ ಮಾತ್ರವಿಲ್ಲ. ಮೂಗಿನಲ್ಲಿ, ಶ್ವಾಸನಾಳಗಳಲ್ಲಿ, ಕರುಳಿನಲ್ಲಿಯೂ ಇವೆ. ಅಲ್ಲಿ ಅವು ನಮಗೆ ರುಚಿಯನ್ನು ತಿಳಿಸುವುದಿಲ್ಲ. ಫಾಕ್ಸರ ಪುಡಿಯನ್ನು ಹಿಡಿಯುವ ಅದೇ ಗ್ರಾಹಕವು ಮೂಗಿನ ಒಳಪೊರೆಯಲ್ಲಿದ್ದು, ಕೆಲವು ರೋಗಾಣುಗಳು ತಮ್ಮತಮ್ಮೊಳಗೆ ಕಳುಹಿಸಿಕೊಳ್ಳುವ ರಾಸಾಯನಿಕ ಸಂಕೇತಗಳನ್ನು ಕದ್ದು ಕೇಳಿ, ಅವುಗಳನ್ನು ಹೊರದೂಡುವ ಏರ್ಪಾಡನ್ನು ಚುರುಕುಗೊಳಿಸುತ್ತದೆಂದು 2012ರಲ್ಲಿ ತಿಳಿದುಬಂತು. ಹೆಬ್ಬಾಗಿಲಲ್ಲಿ ಒಬ್ಬನು ಮಾತ್ರವಲ್ಲ, ಹಿತ್ತಿಲ ಬಾಗಿಲಲ್ಲಿಯೂ ಅದೇ ಮನೆತನದವರು ನಿಂತಿದ್ದಾರೆ.

ಈಗ ಬೀಗರ ವಿಚಾರ. ಅವರು ತಿಪಟೂರಿನ ಕಡೆಯವರು, ನಮಗಿಂತ ಮೂರು ನಾಲ್ಕು ವರ್ಷ ಹಿರಿಯರು, ನೇಮನಿಷ್ಠೆಯುಳ್ಳವರು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ಮೇಲೆ ಪ್ರತಿದಿನ ಬೆಳಗ್ಗೆ ಹಸಿ ಸೋರೆಕಾಯಿಯನ್ನು ಮಿಕ್ಸಿಯಲ್ಲಿ ಅರೆಸಿ, ಸೋಸಿ, ಒಂದು ಲೋಟ ರಸವನ್ನು ಕುಡಿಯುವ ಅಭ್ಯಾಸವಿಟ್ಟುಕೊಂಡಿದ್ದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ದಿನ ಮೊದಲ ಗುಟುಕಿಗೇ ರಸವು ಕಹಿಯಾಗಿತ್ತಂತೆ. ಬೀಗಿತ್ತಿಯವರು, “ಕಹಿಯಾಗಿದ್ದರೆ ಚೆಲ್ಲಿಬಿಡಿ, ನಾಳೆ ಬೇರೆ ಕಾಯಿ ತಂದರಾಯಿತು” ಎಂದರು. ಇವರು, “ಕಹಿಯಿದ್ದರೇ ಔಷಧ ಕಣೇ, ಹಾಗಲಕಾಯಿ ತಿನ್ನುವುದಿಲ್ಲವೆ?” ಎಂದು ಪೂರ್ತಿ ಲೋಟವನ್ನು ಮುಗಿಸಿದರು. ಒಂದು ಗಂಟೆಯೊಳಗೆ ಹೊಟ್ಟೆಯಲ್ಲಿ ಕಿವುಚಿದಂತಾಗಿ ವಾಂತಿಭೇದಿಗಳು ಆರಂಭವಾದುವು. ಅನಂತರ ವಾಂತಿಯಲ್ಲಿ ರಕ್ತ ಕಾಣಿಸಿತು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಒತ್ತಡವು ಕುಸಿದು ಪ್ರಜ್ಞೆ ಮಂಕಾಗಿತ್ತು. ಡಾಕ್ಟರು ಕೇಳಿದ ಮೊದಲನೆಯ ಪ್ರಶ್ನೆ, “ರಸ ಕಹಿಯಾಗಿತ್ತೆ?” ಎಂಬುದು. ಐದು ದಿನಗಳ ಮೇಲೆ ಬದುಕಿ ಮನೆಗೆ ಬಂದರು. ನಮ್ಮ ಮಗಳು ಆ ಮನೆಯ ಸೊಸೆ. ಆ ಐದು ರಾತ್ರಿ ನಮ್ಮ ಮನೆಯಲ್ಲಿಯೂ ಯಾರೂ ಮಲಗಲಿಲ್ಲ.

ಸೋರೆ, ಸೌತೆ, ಹಾಗಲ, ಇವೆಲ್ಲ ಒಂದೇ ಮನೆತನದ ಬಳ್ಳಿಗಳು. ಈ ಮನೆತನದ ಆಯುಧವೇ ಕುಕುರ್ಬಿಟಸಿನ್ ಎಂಬ ಕಹಿವಿಷ. ಸಾವಿರಾರು ವರ್ಷ ಒಕ್ಕಲಿಗರು ಕಹಿಯಿಲ್ಲದ ಕಾಯಿಗಳ ಬೀಜವನ್ನೇ ಆರಿಸಿ ಬಿತ್ತಿ ಸೋರೆ ಸೌತೆಗಳನ್ನು ಸಾಧುಮಾಡಿದ್ದಾರೆ. ಆದರೆ ಕಾಡುಸೋರೆಯ ಪರಾಗ ಬೆರೆತಾಗ, ಬಿಸಿಲಿನ ತಾಪಕ್ಕೂ ನೀರಿನ ಅಭಾವಕ್ಕೂ ಬಳ್ಳಿ ಸಿಕ್ಕಿದಾಗ, ಹಳೆಯ ಸ್ವಭಾವವು ಮರಳಿ ತಲೆಯೆತ್ತುವುದುಂಟು. ಕಾಯಿಯ ಆಕಾರದಿಂದಲೂ ಬಣ್ಣದಿಂದಲೂ ಅದು ತಿಳಿಯದು, ಬೇಯಿಸುವುದರಿಂದಲೂ ಹೋಗದು. ತಿಳಿಸತಕ್ಕದ್ದು ನಾಲಗೆಯೊಂದೇ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆಯ ರಸಕ್ಕೆ ಹಾಗಲದ ರಸವನ್ನು ಬೆರೆಸಿ ಕುಡಿದು ತೀರಿಕೊಂಡರು. ಹಾಗಲದ ಕಹಿಯ ಮರೆಯಲ್ಲಿ ಸೋರೆಯ ಕಹಿಯು ಒಳಹೊಕ್ಕಿತು. ಕಾವಲುಗಾರನು ಕೂಗಿದರೂ ಅದು ನಿತ್ಯದ ಕೂಗೆಂದು ಮನೆಯವರು ಸುಮ್ಮನಿದ್ದಂತಾಯಿತು. ಆ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯೊಂದನ್ನು ನೇಮಿಸಿತು. ರಸ ತೆಗೆಯುವ ಮೊದಲು ಕಾಯಿಯ ಸಣ್ಣ ಚೂರೊಂದನ್ನು ರುಚಿನೋಡಬೇಕು; ಕಹಿಯಾಗಿದ್ದರೆ ಇ‌ಡೀ ಕಾಯಿಯನ್ನು ಎಸೆಯಬೇಕು; ಬೇರೆ ಯಾವ ರಸವನ್ನೂ ಅದಕ್ಕೆ ಬೆರೆಸಬಾರದು; ಕುಡಿದ ಮೇಲೆ ಓಕರಿಕೆ, ವಾಂತಿ, ಭೇದಿ, ಸಂಕಟ ಏನು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದು ಆ ಸಮಿತಿಯು ಹೇಳಿದುದರ ಸಾರ. ಈ ವಿಷಕ್ಕೆ ಪ್ರತ್ಯೇಕವಾದ ಪ್ರತ್ಯೌಷಧವಿಲ್ಲ. ಈ ನಾಲ್ಕು ಮಾತುಗಳನ್ನು ಗೃಹಿಣಿಯರು ಅಡುಗೆಮನೆಯ ಗೋಡೆಗೆ ಬರೆದಂಟಿಸಿದರೂ ತಪ್ಪಿಲ್ಲ.

ಚೇತರಿಸಿಕೊಂಡ ಮೇಲೆ ಬೀಗರು ನಮ್ಮನ್ನು ಕೇಳಿದರು: “ತಾವು ಸಂಸ್ಕೃತ ಓದಿದವರು. ತಿಕ್ತವು ವಿಷಹರವೆಂದು ಗ್ರಂಥಗಳಲ್ಲಿ ಇಲ್ಲವೆ?” ಇಲ್ಲದೆ ಏನು, ಇದೆ. ತಿಕ್ತರಸವು ತಾನು ರುಚಿಸದಿದ್ದರೂ ಅರುಚಿಯನ್ನು ನೀಗುವುದೆಂದೂ, ವಿಷವನ್ನೂ ಕ್ರಿಮಿಯನ್ನೂ ಕಳೆಯುವುದೆಂದೂ ಚರಕಸಂಹಿತೆಯು ವರ್ಣಿಸುತ್ತದೆ. ಆದರೆ ಅದೇ ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಇಕ್ಷ್ವಾಕುವೆಂಬ ಹೆಸರಿನಿಂದ ಕಹಿಸೋರೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಅದನ್ನು ಹೇಳಿರುವುದು ಆಹಾರವಾಗಿ ಅಲ್ಲ, ವಾಂತಿ ಮಾಡಿಸುವ ದ್ರವ್ಯವಾಗಿ. ವೈದ್ಯನು ಅಳೆದು, ಸಂಸ್ಕರಿಸಿ, ರೋಗಿಯನ್ನು ನೋಡಿ ಕೊಡತಕ್ಕದ್ದು. ಎಲ್ಲ ಕಹಿಯನ್ನೂ ಲೋಟಗಟ್ಟಲೆ ಕುಡಿಯೆಂದು ಯಾವ ಸಂಹಿತೆಯೂ ಹೇಳಿಲ್ಲ. ಹಿಂದಿನವರ ಮಾತಿನಲ್ಲಿ ಅರ್ಧವನ್ನು ಹಿಡಿದು ಅರ್ಧವನ್ನು ಬಿಡುವುದು ಈಚೆಗೆ ಹೆಚ್ಚಾಗಿದೆ; ಅದನ್ನು ನೋಡುವಾಗ ನಮಗೆ ಕಹಿಗಿಂತ ಕಹಿಯೆನಿಸುತ್ತದೆ.

ಶ್ವೇತಾಂಬರ ಜೈನರ ಅಂಗಗ್ರಂಥಗಳಲ್ಲೊಂದಾದ ಜ್ಞಾತಾಧರ್ಮಕಥೆಯಲ್ಲಿ ನಾಗಶ್ರೀ ಎಂಬ ಗೃಹಿಣಿಯ ವೃತ್ತಾಂತವಿದೆ. ಅವಳು ಎಣ್ಣೆ ಮಸಾಲೆಗಳನ್ನು ಧಾರಾಳವಾಗಿ ಹಾಕಿ ಸೋರೆಕಾಯಿಯ ಅಡುಗೆ ಮಾಡಿದಳು. ಒಂದು ಹನಿ ರುಚಿನೋಡಿದಾಗ ಅದು ವಿಷದಂತೆ ಕಹಿ. ಓರಗಿತ್ತಿಯರು ಹಾಸ್ಯಮಾಡಿಯಾರೆಂದು ಅದನ್ನು ಬಚ್ಚಿಟ್ಟು, ಭಿಕ್ಷೆಗೆ ಬಂದ ಧರ್ಮರುಚಿಯೆಂಬ ಮುನಿಗೆ ಬಡಿಸಿದಳು. ಗುರುಗಳು ರುಚಿನೋಡಿ, ಇದನ್ನು ಜೀವಜಂತುಗಳಿಲ್ಲದ ಕಡೆ ಚೆಲ್ಲಿ ಬಾ ಎಂದು ಕಳುಹಿಸಿದರು. ಅವನು ಒಂದು ಹನಿ ಬೀಳಿಸಿದಾಗ ಇರುವೆಗಳು ಬಂದು ತಿಂದು ಸತ್ತುವು. ಇಷ್ಟು ಜೀವಗಳನ್ನು ಕೊಲ್ಲುವುದಕ್ಕಿಂತ ಲೇಸೆಂದು ಆ ಮುನಿಯು ಉಳಿದುದನ್ನು ತಾನೇ ಉಂಡು ಪ್ರಾಣಬಿಟ್ಟನು. ಕಥೆಯ ಧರ್ಮೋಪದೇಶವು ಬೇರೆ; ಆದರೆ ಮಸಾಲೆಯಿಂದಲೂ ಬೆಂಕಿಯಿಂದಲೂ ಕಹಿಸೋರೆಯ ವಿಷವು ಹೋಗದೆಂಬುದನ್ನು ಆ ಕಾಲದ ಅಡುಗೆಮನೆಯು ಎಷ್ಟು ಚೆನ್ನಾಗಿ ಬಲ್ಲದಾಗಿತ್ತು! ಕಹಿಯನ್ನು ಅವಳ ನಾಲಗೆಯು ಸರಿಯಾಗಿಯೇ ಹೇಳಿತ್ತು. ಕೇಳದೆ ಹೋದುದು ಅಭಿಮಾನ.

ಹಾಗಾದರೆ ಹಾಗಲಕಾಯಿಯನ್ನು ಬಿಡಬೇಕೆ? ಖಂಡಿತ ಬೇಡ. ಹಾಗಲವು ಕಹಿಯಾಗಿರಬೇಕಾದುದೇ; ತಲೆಮಾರುಗಳಿಂದ ತಿಂದು, ಎಷ್ಟು, ಹೇಗೆ ಎಂಬುದನ್ನು ನಮ್ಮ ಹೆಂಗಸರು ಗೊತ್ತುಮಾಡಿದ್ದಾರೆ. ಪರಿಚಿತವಾದ ಕಹಿ ಬೇರೆ, ಕಹಿಯಾಗಬಾರದುದು ಕಹಿಯಾಗುವುದು ಬೇರೆ. ಸಾಧುವಾದ ಸೋರೆ, ಸೌತೆ, ಹಳೆಯ ಬಾದಾಮಿಯ ನಡುವೆ ಬರುವ ಒಂದು ಕಹಿಯ ಬೀಜ, ಇವುಗಳ ಕಹಿಯನ್ನು ಉಗುಳಬೇಕು. ಇದಕ್ಕೆ ವಿರುದ್ಧವಾಗಿ, ಕಹಿಯಿಲ್ಲದ್ದೆಲ್ಲ ನಿರಪಾಯವೆಂದೂ ತಿಳಿಯಬಾರದು. ಪಾಷಾಣಕ್ಕೆ ರುಚಿಯಿಲ್ಲ, ಕೊಲ್ಲುವ ಅಣಬೆಗಳಲ್ಲಿ ಕೆಲವು ತಿನ್ನಲು ರುಚಿಯಾಗಿಯೇ ಇವೆಯಂತೆ.

ಹಾಗಲದ ಹೋಳುಗಳಿಗೆ ಉಪ್ಪು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹಿಂಡಿ ಬೇಯಿಸುವ ಕ್ರಮವು ಎಲ್ಲರಿಗೂ ಗೊತ್ತು. ಕಹಿಯ ನೀರು ಇಳಿದುಹೋಗುವುದೊಂದೇ ಇದರ ಪ್ರಯೋಜನವಲ್ಲ. ಉಪ್ಪು ನಾಲಗೆಯ ಮೇಲೆಯೇ ಕಹಿಯನ್ನು ತಗ್ಗಿಸುತ್ತದೆಂದೂ, ಹಾಗೆ ತಗ್ಗಿಸಿ ಮರೆಯಲ್ಲಿದ್ದ ಸಿಹಿಯನ್ನು ಮೇಲಕ್ಕೆ ತರುತ್ತದೆಂದೂ ಬ್ರೆಸ್ಲಿನ್, ಬೋಷಾಂಪ್ ಎಂಬ ವಿಜ್ಞಾನಿಗಳು 1997ರಲ್ಲಿ ತೋರಿಸಿಕೊಟ್ಟರು. ಹಾಗಲಕಾಯಿ ಗೊಜ್ಜಿಗೆ ಉಪ್ಪು, ಹುಣಿಸೆಹುಳಿ, ಬೆಲ್ಲ ಮೂರನ್ನೂ ಹಾಕಬೇಕೆಂದು ಮೊದಲು ಹೇಳಿದ ಅಜ್ಜಿಯು ಯಾರೋ, ಅವಳ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಲಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ವಿಜ್ಞಾಪನೆ. ಹುಟ್ಟಿದ ಕೂಸು ಕೂಡ ಕಹಿಯ ಹನಿಗೆ ಮುಖ ಕಿವುಚಿ ಬಾಯಿ ತೆರೆಯುತ್ತದೆ. ಅದಕ್ಕೆ ಯಾರೂ ಕಲಿಸಿದುದಲ್ಲ. ಮಕ್ಕಳ ನಾಲಗೆಯು ಕಹಿಗೆ ದೊಡ್ಡವರ ನಾಲಗೆಗಿಂತ ಸೂಕ್ಷ್ಮ. ನಮ್ಮ ತಾಯಂದಿರು ಇದನ್ನು ಬಲ್ಲವರಾಗಿಯೇ, ಮೊಲೆ ಬಿಡಿಸುವಾಗ ಬೇವಿನ ರಸವನ್ನು ಸವರಿಕೊಳ್ಳುತ್ತಿದ್ದರು. ಬೆರಳು ಚೀಪುವ ಮಗುವಿನ ಬೆರಳಿಗೂ ಅದೇ ಮದ್ದು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ದೊರೆತ, ಲೋಕದಲ್ಲಿ ಎಲ್ಲಕ್ಕಿಂತ ಕಹಿಯೆನಿಸಿದ ಡಿನಾಟೋನಿಯಂ ಎಂಬ ಪದಾರ್ಥವನ್ನು ಮಕ್ಕಳು ಕುಡಿಯದಿರಲೆಂದು ಕುಡಿಯಬಾರದ ದ್ರವಗಳಿಗೆ ಕಾರ್ಖಾನೆಗಳವರು ಒಂದಿಷ್ಟು ಬೆರೆಸುವುದೂ ಇದೇ ಯುಕ್ತಿಯೇ. ಇಷ್ಟು ಗಟ್ಟಿಯಾದ ಕಾವಲನ್ನು ಬೆತ್ತದಿಂದ ಗೆಲ್ಲಲಾಗದು. ತಟ್ಟೆಯ ಮುಂದೆ ಮಗುವನ್ನು ಕೂರಿಸಿ, ಹಾಗಲದ ಪಲ್ಯ ಮುಗಿಯುವವರೆಗೆ ಏಳಬಾರದೆಂದು ಗದರಿಸುವ ತಂದೆಯರನ್ನು ನಾವು ಬಲ್ಲೆವು. ಸ್ವಲ್ಪಸ್ವಲ್ಪವಾಗಿ, ಹಲವು ಸಲ, ಒತ್ತಾಯವಿಲ್ಲದೆ ಮುಂದಿಟ್ಟರೆ ಕೆಲವು ವರ್ಷಗಳಲ್ಲಿ ಅದೇ ಮಗುವು ಗೊಜ್ಜನ್ನು ಕೇಳಿ ಹಾಕಿಸಿಕೊಳ್ಳುವುದು. ಕಾಫಿಯನ್ನು ಮೊದಲ ದಿನ ಮೆಚ್ಚಿ ಕುಡಿದವರು ನಮ್ಮಲ್ಲಿ ಎಷ್ಟು ಜನರಿದ್ದಾರೆ?

ವಯಸ್ಸಾದ ಹಾಗೆ ಇದಕ್ಕೆ ವಿಪರೀತ. ಕಣ್ಣು ಕಿವಿಗಳಂತೆ ನಾಲಗೆಯೂ ಮಂದವಾಗುತ್ತದೆ. ಕ್ವಿನೀನಿನ ಕಹಿಯು ಗೊತ್ತಾಗಬೇಕಾದರೆ ಯುವಕರಿಗಿಂತ ವೃದ್ಧರಿಗೆ ಹೆಚ್ಚು ಪ್ರಮಾಣ ಬೇಕಾಗುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ಔಷಧವೆಂದು ರಸ ಕುಡಿಯುವವರಾದರೋ ಹೆಚ್ಚಾಗಿ ನಮ್ಮ ವಯಸ್ಸಿನವರೇ. ಆದಕಾರಣ ನಮ್ಮ ಮನೆಯಲ್ಲಿ ಸೋರೆಕಾಯಿಯನ್ನು ಹೆಚ್ಚಿದ ಕೂಡಲೆ ಚೂರನ್ನು ರುಚಿನೋಡಿ ಉಗುಳುವ ಅಧಿಕಾರವು ಸೊಸೆಗೆ ಸೇರಿದ್ದು. ಹೋದ ಬೇಸಗೆಯಲ್ಲಿ ಒಂದು ಕಾಯಿಯ ಚೂರನ್ನು ನಾವು ಮೊದಲು ಬಾಯಿಗಿಟ್ಟು, ಚೆನ್ನಾಗಿಯೇ ಇದೆಯೆಂದೆವು. ಅವಳು ಬಂದು ಚೂರೊಂದನ್ನು ನಾಲಗೆಗೆ ಮುಟ್ಟಿಸಿ, “ಮಾವನವರೆ, ಇದು ಬೇಡ” ಎಂದು ಪಾತ್ರೆಯನ್ನು ತೆಗೆದುಕೊಂಡು ಹಿತ್ತಿಲಿಗೆ ನಡೆದಳು.